ಪಂಪ್ ಆನ್ ಆದ ಕೂಡಲೇ ಬೋರ್ಡ್ ರೀಸೆಟ್: ನಾಲ್ಕನೇ ಬೋರ್ಡ್ ತರುವ ಮೊದಲು

ಪ್ರಶ್ನೆ: "ಸರ್, ಗಿಡಗಳಿಗೆ ತಾನಾಗಿ ನೀರು ಹಾಕುವ ಒಂದು ಪ್ರಾಜೆಕ್ಟ್ ಮಾಡಿದ್ದೇನೆ. ಇಎಸ್‌ಪಿ32 ಬೋರ್ಡ್ (ವೈಫೈ ಇರುವ ಪುಟ್ಟ ಕಂಪ್ಯೂಟರ್), ಮಣ್ಣಿನ ತೇವ ನೋಡುವ ಎರಡು ಕಾಲಿನ ಸೆನ್ಸರ್, ಒಂದು ರಿಲೇ (ಬೋರ್ಡ್ ಹೇಳಿದಾಗ ಕೂಡಿ ಬಿಡುವ ಸ್ವಿಚ್), ನೀರಿನಲ್ಲಿ ಮುಳುಗಿಸುವ 5 ವೋಲ್ಟಿನ ಪುಟ್ಟ ಪಂಪ್. ಎಲ್ಲ ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ವೈರ್ ಚುಚ್ಚುವ ಹಲಗೆ) ಮೇಲೆ, ಕರೆಂಟ್ ಫೋನ್ ಚಾರ್ಜರಿನಿಂದ ಒಂದೇ ಯುಎಸ್‌ಬಿ ಕೇಬಲ್‌ನಲ್ಲಿ. ರೀಡಿಂಗ್ ವೈಫೈ ಮೂಲಕ ಫೋನಿಗೆ ಬರುತ್ತದೆ. ಎರಡು ವಾರ ಚೆನ್ನಾಗಿತ್ತು. ಈಗ ಪಂಪ್ ಆನ್ ಆದ ಕೂಡಲೇ ಬೋರ್ಡ್ ರೀಸೆಟ್ ಆಗುತ್ತದೆ, ಎದ್ದು ಮತ್ತೆ ಪಂಪ್ ಆನ್ ಮಾಡುತ್ತದೆ, ಮತ್ತೆ ರೀಸೆಟ್. ರಿಲೇ ಟಿಕ್ ಟಿಕ್ ಅನ್ನುತ್ತಲೇ ಇರುತ್ತದೆ. ಮೀಟರ್ ಇಟ್ಟರೆ 5.0 ವೋಲ್ಟ್ ಸರಿಯಾಗಿಯೇ ಇದೆ. ಡೂಪ್ಲಿಕೇಟ್ ಬೋರ್ಡ್ ಅಂದರು, ಎರಡು ಸಲ ಬದಲಿಸಿದೆ. ಬ್ರೌನ್‌ಔಟ್ (ವೋಲ್ಟೇಜ್ ಕುಸಿದರೆ ಚಿಪ್ಪನ್ನು ರೀಸೆಟ್ ಮಾಡುವ ಕಾವಲು) ಆಫ್ ಮಾಡುವ ಒಂದು ಸಾಲಿನ ಕೋಡ್ ಇದೆಯಂತೆ, ಹಾಕಲಾ? ಸೆನ್ಸರ್ ಬೇರೆ ಈಗ ಒದ್ದೆ ಮಣ್ಣಿನಲ್ಲೂ ಒಣಗಿದೆ ಅನ್ನುತ್ತದೆ. ಒಂದು ರಾತ್ರಿ ಪಂಪ್ ನಿಂತ ಮೇಲೂ ನೀರು ಹರಿದು ಬಕೆಟ್ ಖಾಲಿಯಾಗಿತ್ತು. ರಿಲೇ ಅಂಟಿಕೊಂಡಿದೆಯಾ? ಬೇಜಾರಾಗಿ ಮನೆ ಕರೆಂಟಿನ ದೊಡ್ಡ ಪಂಪನ್ನೇ ಹಾಕೋಣ ಅನ್ನಿಸುತ್ತಿದೆ."

ಉತ್ತರ: ನೀವು ಇದನ್ನು ಒಂದೇ ತೊಂದರೆ ಅಂದುಕೊಂಡಿದ್ದೀರಿ. ಇಲ್ಲಿ ಮೂರು ಇವೆ. ರೀಸೆಟ್ ಒಂದು, ಸೆನ್ಸರ್ ಒಂದು, ಬಕೆಟ್ ಖಾಲಿಯಾಗಿದ್ದು ಇನ್ನೊಂದು. ಮೂರಕ್ಕೂ ಕಾರಣ ಬೇರೆ ಬೇರೆ, ಮೂರರಲ್ಲೂ ಬೋರ್ಡಿನ ತಪ್ಪು ಇರುವ ಸಾಧ್ಯತೆ ತುಂಬ ಕಡಿಮೆ.

ಮೊದಲು ಈ "ಡೂಪ್ಲಿಕೇಟ್" ಮಾತು. ಹವ್ಯಾಸಿಗಳು ಬಳಸುವ ಇನ್ನೊಂದು ಜಾತಿಯಾದ ಆರ್ಡುಯಿನೋ ಬೋರ್ಡುಗಳ ನಕ್ಷೆಯೇ ಎಲ್ಲರಿಗೂ ತೆರೆದದ್ದು, ಯಾರು ಬೇಕಾದರೂ ಅದನ್ನು ನೋಡಿ ಬೋರ್ಡ್ ಮಾಡಬಹುದು. ಇಎಸ್‌ಪಿ32 ಚಿಪ್ ಮಾಡುವುದು ಎಸ್ಪ್ರೆಸಿಫ್, ಆದರೆ ಅದನ್ನು ಕೂರಿಸಿದ ಬೋರ್ಡುಗಳನ್ನು ಹತ್ತಾರು ಜನ ಮಾಡುತ್ತಾರೆ. ಕಡಿಮೆ ಬೆಲೆಯ ಬೋರ್ಡಿನಲ್ಲಿ ಯುಎಸ್‌ಬಿ ಚಿಪ್ ಬೇರೆ ಇರಬಹುದು, ಸಾಕೆಟ್ ಸಡಿಲ ಇರಬಹುದು, ವೋಲ್ಟೇಜ್ ಇಳಿಸಿ ಸ್ಥಿರವಾಗಿಡುವ ರೆಗ್ಯುಲೇಟರ್ ಸಾಧಾರಣ ಇರಬಹುದು. ಅಷ್ಟಕ್ಕೆಲ್ಲ ಪಂಪ್ ಆನ್ ಆದ ಕ್ಷಣಕ್ಕೇ ಸರಿಯಾಗಿ ರೀಸೆಟ್ ಆಗುವುದಿಲ್ಲ. ಮೂರು ಬೋರ್ಡುಗಳು ಒಂದೇ ಜಾಗದಲ್ಲಿ ಒಂದೇ ರೀತಿ ಬೀಳುತ್ತಿವೆ ಅಂದರೆ ನೋಡಬೇಕಾದ್ದು ಜಾಗವನ್ನು.

ಈಗ ಮೀಟರಿನ ವಿಷಯ. ಹೆಚ್ಚಿನವರು ಎಡವುವುದು ಇಲ್ಲೇ, ನಾನೂ ಎಡವಿದ್ದೇನೆ. ಮೀಟರ್ 5.0 ತೋರಿಸಿದ್ದು ನಿಜ. ಆದರೆ ಸಾಮಾನ್ಯ ಮಲ್ಟಿಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಳೆದು ತೋರಿಸುತ್ತದೆ, ಅದೂ ಸರಾಸರಿ. ಪಂಪ್ ಶುರುವಾಗುವಾಗ ವೋಲ್ಟೇಜ್ ಕೆಲವೇ ಮಿಲಿಸೆಕೆಂಡ್ ಕುಸಿದು ಎದ್ದರೆ ಮೀಟರಿಗೆ ಅದು ಗೊತ್ತೇ ಆಗುವುದಿಲ್ಲ. ಚಿಪ್ಪಿಗೆ ಗೊತ್ತಾಗುತ್ತದೆ. ಅದಕ್ಕೇ ಅದು ರೀಸೆಟ್ ಆಗುತ್ತದೆ.

ಕುಸಿಯುವುದು ಯಾಕೆ? ನಿಮ್ಮ ಪಂಪ್ ಓಡುವಾಗ ಸುಮಾರು 200 ಮಿಲಿಆಂಪ್ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. ನಿಂತ ಮೋಟರನ್ನು ತಿರುಗಿಸಲು ಶುರು ಮಾಡುವ ಕ್ಷಣದಲ್ಲಿ ಅದು ಅದರ ಹಲವು ಪಟ್ಟು ಎಳೆಯುತ್ತದೆ, ಯಾಕೆಂದರೆ ತಿರುಗದ ಮೋಟರ್ ಅಂದರೆ ಬರೀ ಸುತ್ತಿದ ತಂತಿ, ಅದರ ರೆಸಿಸ್ಟೆನ್ಸ್ ಬಿಟ್ಟರೆ ತಡೆಯಲು ಬೇರೇನೂ ಇಲ್ಲ. ತಿರುಗಲು ಶುರುವಾದ ಮೇಲೆ ಮೋಟರೇ ಎದುರು ವೋಲ್ಟೇಜ್ ಹುಟ್ಟಿಸಿ ಕರೆಂಟನ್ನು ಇಳಿಸುತ್ತದೆ. ಇದರ ಮೇಲೆ 5 ವೋಲ್ಟಿನ ನೀಲಿ ರಿಲೇಯ ಕಾಯಿಲ್ (ಸ್ವಿಚ್ಚನ್ನು ಎಳೆಯುವ ತಂತಿ ಸುರುಳಿ) 70 ಮಿಲಿಆಂಪ್ ಆಸುಪಾಸು. ಇಎಸ್‌ಪಿ32 ವೈಫೈಯಲ್ಲಿ ಕಳಿಸುವಾಗ ಇನ್ನೊಂದು 240 ಮಿಲಿಆಂಪ್ ತನಕ ಎಳೆಯುತ್ತದೆ. ಚಿಪ್ಪಿಗೇ ಕನಿಷ್ಠ 500 ಮಿಲಿಆಂಪ್ ಕೊಡಬಲ್ಲ ಸಪ್ಲೈ ಇರಲಿ ಅಂತ ತಯಾರಕರೇ ಹೇಳುತ್ತಾರೆ.

ಕೇಬಲ್ ನೋಡಿ. ತೆಳ್ಳನೆಯ ಯುಎಸ್‌ಬಿ ಕೇಬಲ್ ಒಳಗಿನ ತಾಮ್ರದ ಎಳೆ 28 ಗೇಜ್ ಇದ್ದರೆ ಮೀಟರ್ ಉದ್ದಕ್ಕೆ ಸುಮಾರು 0.21 ಓಮ್. ಹೋಗುವ ತಂತಿ, ಬರುವ ತಂತಿ ಸೇರಿ 0.42. ಒಂದು ಆಂಪಿಯರ್ ಎಳೆದರೆ ಕೇಬಲ್‌ನಲ್ಲೇ 0.4 ವೋಲ್ಟ್ ಹೋಯಿತು. ಬೋರ್ಡಿನ ಬಾಗಿಲಿಗೆ ಬರುವುದು 4.6. ಬಹಳಷ್ಟು ಬೋರ್ಡುಗಳಲ್ಲಿ ಅಲ್ಲೊಂದು ಡಯೋಡ್ (ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಭಾಗ) ಕಾದು ಕೂತಿರುತ್ತದೆ, ಅದು ಒಂದು 0.3 ತಿನ್ನುತ್ತದೆ. ಉಳಿದದ್ದು 4.3. ಅದನ್ನು ಚಿಪ್ಪಿಗೆ ಬೇಕಾದ 3.3 ಮಾಡುವ ಎಎಂಎಸ್1117 ರೆಗ್ಯುಲೇಟರಿಗೆ ತನ್ನ ತಲೆಯ ಮೇಲೆ ಹೆಚ್ಚುಕಡಿಮೆ ಒಂದು ವೋಲ್ಟ್ ಜಾಗ ಬೇಕು. ಲೆಕ್ಕ ಅಲ್ಲಿಗೆ ಮುಗಿಯಿತು, ಅಲ್ವಾ? ಇನ್ನೂ ಬ್ರೆಡ್‌ಬೋರ್ಡಿನ ಸಡಿಲ ಕ್ಲಿಪ್ಪುಗಳನ್ನು, ಕೂದಲಿನಂಥ ಜಂಪರ್ ವೈರುಗಳನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ.

ಎರಡು ವಾರ ಹೇಗೆ ಓಡಿತು ಅಂತ ನೀವು ಕೇಳಬಹುದು. ಅಂಚಿನಲ್ಲಿ ಓಡುತ್ತಿತ್ತು, ಅಷ್ಟೇ. ಬ್ರೆಡ್‌ಬೋರ್ಡಿನ ಕ್ಲಿಪ್ ಸ್ವಲ್ಪ ಸಡಿಲವಾದರೆ, ಪಂಪಿನ ರೆಕ್ಕೆಗೆ ಒಂಚೂರು ಪಾಚಿ ಸಿಕ್ಕಿಕೊಂಡರೆ, ಪಂಪ್ ಎದ್ದ ಕ್ಷಣಕ್ಕೇ ವೈಫೈಯೂ ಮಾತಾಡಿದರೆ, ಅಂಚು ದಾಟುತ್ತದೆ. ಆಮೇಲೆ ನಿಮ್ಮ ಕೋಡ್ ಅದನ್ನು ಸರಪಳಿ ಮಾಡುತ್ತದೆ: ಎದ್ದ ಕೂಡಲೇ ಸೆನ್ಸರ್ ನೋಡು, ಒಣಗಿದ್ದರೆ ಪಂಪ್ ಹಾಕು. ಪಂಪ್ ಹಾಕಿದ ಕೂಡಲೇ ಬಿದ್ದು ಹೋಗುತ್ತದೆ, ಎದ್ದು ಅದನ್ನೇ ಮಾಡುತ್ತದೆ. ಟಿಕ್ ಟಿಕ್ ಅದೇ.

"ರಿಲೇ ಇದೆಯಲ್ಲ, ಅದು ಪಂಪನ್ನು ಬೋರ್ಡಿನಿಂದ ಬೇರೆ ಇಡುತ್ತದೆ" ಅಂತ ತುಂಬ ಜನ ನಂಬಿದ್ದಾರೆ. ರಿಲೇಯ ಕಾಯಿಲ್ ಮತ್ತು ಕಾಂಟ್ಯಾಕ್ಟ್ (ಕೂಡಿ ಬಿಡುವ ಲೋಹದ ತುದಿಗಳು) ಬೇರೆ ಬೇರೆ ಅನ್ನುವುದು ನಿಜ. ಆದರೆ ಪಂಪಿನ ಕರೆಂಟನ್ನು ನೀವು ಬೋರ್ಡಿನ 5 ವೋಲ್ಟ್ ಪಿನ್ನಿನಿಂದಲೇ ತೆಗೆದರೆ ಆ ಬೇರ್ಪಡಿಕೆಗೆ ಅರ್ಥ ಇಲ್ಲ. ಎರಡೂ ಒಂದೇ ಕೊಳವೆಯಿಂದ ಕುಡಿಯುತ್ತಿವೆ.

ಊಹೆ ಬೇಡ, ಖಚಿತ ಮಾಡಿಕೊಳ್ಳೋಣ. ಪಂಪಿನ ಒಂದು ವೈರ್ ಕಿತ್ತು, ರಿಲೇ ಮಾತ್ರ ಟಿಕ್ ಅನ್ನಲಿ. ರೀಸೆಟ್ ನಿಂತರೆ ಪಂಪಿನ ಕರೆಂಟೇ ಕಾರಣ. ಇನ್ನೂ ಆಗುತ್ತಿದ್ದರೆ ರಿಲೇ ಅಥವಾ ಕೋಡ್ ಕಡೆ ನೋಡಿ. ಬೋರ್ಡ್ ಕಳಿಸುವ ಸಾಲುಗಳನ್ನು ಕಂಪ್ಯೂಟರಿನಲ್ಲಿ ತೋರಿಸುವ ಸೀರಿಯಲ್ ಮಾನಿಟರ್ 115200 ವೇಗದಲ್ಲಿ ತೆರೆದಿಡಿ, ಬ್ರೌನ್‌ಔಟ್ ಡಿಟೆಕ್ಟರ್ ಅಂತ ಶುರುವಾಗುವ ಸಾಲು ಕಾಣಿಸಿದರೆ ವೋಲ್ಟೇಜ್ ಕುಸಿದಿದೆ ಅಂತ ಚಿಪ್ಪೇ ಒಪ್ಪಿಕೊಂಡ ಹಾಗೆ. ಮಾನಿಟರ್ ಸಿಗದಿದ್ದರೆ ಇಎಸ್‌ಪಿ ರೀಸೆಟ್ ರೀಸನ್ ಅನ್ನುವ ಫಂಕ್ಷನ್ ಇದೆ. ಸೆಟಪ್ಪಿನಲ್ಲಿ ಅದನ್ನು ಕರೆದು ಬರುವ ಅಂಕಿಯನ್ನು ಫೋನಿಗೆ ಕಳಿಸಿ. 9 ಬಂದರೆ ಬ್ರೌನ್‌ಔಟ್. 4 ಬಂದರೆ ಕೋಡ್ ಎಲ್ಲೋ ಮುಗ್ಗರಿಸಿದೆ. 1 ಬಂದರೆ ಪವರ್ ಹೋಗಿ ಬಂದಿದೆ, ಕುಸಿತ ತುಂಬ ಆಳವಾಗಿದ್ದರೆ ಇದೂ ಬರಬಹುದು. ಇನ್ನೊಂದು ಗುರುತು: ಪಂಪ್ ಆನ್ ಆಗುವಾಗ ಬಿದ್ದರೆ ವೋಲ್ಟೇಜ್ ಸಾಲುತ್ತಿಲ್ಲ, ಆಫ್ ಆಗುವಾಗ ಬೋರ್ಡ್ ಸ್ತಬ್ಧವಾದರೆ ಮೋಟರ್ ಒದೆಯುತ್ತಿದೆ. ಈ ಒದೆತದ ಮಾತು ಸ್ವಲ್ಪ ಹೊತ್ತಿಗೆ ಬರುತ್ತದೆ.

ಬ್ರೌನ್‌ಔಟ್ ಆಫ್ ಮಾಡುವ ಆ ಸಾಲು? ಹಾಕಬೇಡಿ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡರಂತೆ, ಹಾಗಾಗುತ್ತದೆ. ವೋಲ್ಟೇಜ್ ಸಾಲದಾಗ ಚಿಪ್ ತಪ್ಪು ಲೆಕ್ಕ ಮಾಡಬಹುದು, ಫ್ಲ್ಯಾಶ್ ಮೆಮೊರಿಗೆ ಏನೋ ಬರೆಯುತ್ತಿದ್ದರೆ ಅದು ಹಾಳಾಗಬಹುದು. ಹಾಗಾಗುವ ಮೊದಲೇ ನಿಲ್ಲಿಸುವುದು ಡಿಟೆಕ್ಟರಿನ ಕೆಲಸ. ಅದನ್ನು ಮುಚ್ಚಿದರೆ ರೀಸೆಟ್ ಹೋಗಿ ವೈಫೈ ಕೂಡದಿರುವುದು, ಸೆಟ್ಟಿಂಗ್ಸ್ ಅಳಿಸಿ ಹೋಗುವುದು, ರಿಲೇ ಆನ್ ಆಗಿಯೇ ಉಳಿಯುವುದು ಶುರುವಾಗಬಹುದು. ಕೊನೆಯದ್ದಂತೂ ನಿಮ್ಮ ಪ್ರಾಜೆಕ್ಟಿನಲ್ಲಿ ನೆಲ ಒರೆಸುವ ಕೆಲಸ.

"ದೊಡ್ಡ ಕೆಪಾಸಿಟರ್ ಹಾಕಿ, ಸರಿ ಹೋಗುತ್ತದೆ" ಅನ್ನುವ ಸಲಹೆ ಅರ್ಧ ಸರಿ. ಕೆಪಾಸಿಟರ್ ಅಂದರೆ ಸ್ವಲ್ಪ ಕರೆಂಟ್ ತುಂಬಿಟ್ಟುಕೊಂಡು ಬೇಕಾದಾಗ ಕೊಡುವ ಭಾಗ. 1000 ಮೈಕ್ರೋಫ್ಯಾರಡ್ ಹಾಕಿದಿರಿ ಅನ್ನಿ. ಅದರ ವೋಲ್ಟೇಜ್ 0.3 ಇಳಿಯುವಷ್ಟರಲ್ಲಿ ಒಂದು ಆಂಪಿಯರನ್ನು ಎಷ್ಟು ಹೊತ್ತು ಕೊಡಬಲ್ಲದು ಗೊತ್ತಾ? 0.3 ಮಿಲಿಸೆಕೆಂಡ್. ಪಂಪ್ ವೇಗ ಹಿಡಿಯಲು ಅದಕ್ಕಿಂತ ಎಷ್ಟೋ ಜಾಸ್ತಿ ಹೊತ್ತು ಬೇಕು. ವೈಫೈಯ ಚಿಕ್ಕ ಚಿಕ್ಕ ಎಳೆತಗಳಿಗೆ ಅದು ಒಳ್ಳೆಯದು, ಹಾಕಿ, ಬೋರ್ಡಿನ ಹತ್ತಿರವೇ ಹಾಕಿ, ಪ್ಲಸ್ ಮೈನಸ್ ನೋಡಿ ಹಾಕಿ. ಆದರೆ ಪಂಪಿನ ಹಸಿವನ್ನು ಅದರ ತಲೆಗೆ ಕಟ್ಟಬೇಡಿ.

ಸರಿ, ಮಾಡುವುದೇನು? ನನಗೆ ಇಷ್ಟವಾದ ದಾರಿ ಪಂಪಿಗೆ ಬೇರೆ ಸಪ್ಲೈ. ಬೋರ್ಡಿಗೆ ಈಗಿರುವ ಚಾರ್ಜರ್, ಪಂಪಿಗೆ ಇನ್ನೊಂದು 5 ವೋಲ್ಟ್ ಅಡಾಪ್ಟರ್, ನಡುವೆ ರಿಲೇಯ ಕಾಂಟ್ಯಾಕ್ಟ್. ರಿಲೇ ಆದರೆ ಪಂಪಿನ ಕಡೆಯ ಗ್ರೌಂಡನ್ನು (ಮೈನಸ್ ವೈರ್) ಬೋರ್ಡಿನ ಗ್ರೌಂಡಿಗೆ ಸೇರಿಸುವ ಅಗತ್ಯವೂ ಇಲ್ಲ. ತೊಂದರೆ ಏನೆಂದರೆ ಎರಡು ಅಡಾಪ್ಟರ್ ಆಗುತ್ತವೆ, ಎರಡು ಸಾಕೆಟ್ ಬೇಕು. ಅದು ಬೇಡ ಅಂದರೆ 5 ವೋಲ್ಟ್ 2 ಆಂಪಿಯರಿನ ಒಂದೇ ಗಟ್ಟಿ ಅಡಾಪ್ಟರ್ ತಂದು, ಅದರ ಬಾಯಿಂದಲೇ ಎರಡು ಜೊತೆ ವೈರ್ ಎಳೆಯಿರಿ: ಒಂದು ಜೊತೆ ನೇರ ಬೋರ್ಡಿಗೆ, ಇನ್ನೊಂದು ದಪ್ಪ ಜೊತೆ ನೇರ ರಿಲೇ ಮತ್ತು ಪಂಪಿಗೆ. ಪಂಪಿನ ಕರೆಂಟ್ ಬೋರ್ಡಿನ ಮೇಲಾಗಲಿ ಬ್ರೆಡ್‌ಬೋರ್ಡಿನ ಮೇಲಾಗಲಿ ಹಾಯಬಾರದು. ಹೀಗೆ ವೈರ್ ಹಾಕಿದಾಗ ಲ್ಯಾಪ್‌ಟಾಪ್ ಯುಎಸ್‌ಬಿಯನ್ನೂ ಅದೇ ಹೊತ್ತಿಗೆ ಚುಚ್ಚಬೇಡಿ, ಎಲ್ಲ ಬೋರ್ಡುಗಳೂ ಎರಡು ಕಡೆಯ ಕರೆಂಟನ್ನು ತಡೆದುಕೊಳ್ಳುವುದಿಲ್ಲ. ಪವರ್ ಬ್ಯಾಂಕ್ ಯೋಚನೆ ಇದ್ದರೆ ನೆನಪಿಡಿ, ಎಳೆತ ತೀರಾ ಕಡಿಮೆಯಾದರೆ ಬಹಳಷ್ಟು ಪವರ್ ಬ್ಯಾಂಕ್‌ಗಳು ಫೋನ್ ತುಂಬಿತು ಅಂದುಕೊಂಡು ಮಲಗಿಬಿಡುತ್ತವೆ.

ರಿಲೇ ಬಿಟ್ಟು ಮಾಸ್ಫೆಟ್ (ಅಲುಗಾಡುವ ಭಾಗವಿಲ್ಲದ ಎಲೆಕ್ಟ್ರಾನಿಕ್ ಸ್ವಿಚ್) ಹಾಕುವುದೂ ಆಗುತ್ತದೆ, ಸದ್ದಿಲ್ಲ, ಸವೆತವಿಲ್ಲ. ಆದರೆ ಇಲ್ಲಿ ಗ್ರೌಂಡ್ ಸೇರಿಸಲೇಬೇಕು. ಹವ್ಯಾಸಿಗಳ ಕಿಟ್‌ಗಳಲ್ಲಿ ಸಿಗುವ ಐಆರ್‌ಎಫ್520 ಮಾಡ್ಯೂಲ್ ತರಬೇಡಿ. ಅದು ಪೂರ್ತಿ ತೆರೆಯಲು ಗೇಟಿಗೆ (ಅದನ್ನು ಆನ್ ಆಫ್ ಮಾಡುವ ಕಾಲು) 10 ವೋಲ್ಟ್ ಕೇಳುವ ಜಾತಿ, ಇಎಸ್‌ಪಿ32 ಕೊಡುವುದು 3.3. ಪಂಪ್ ನರಳುತ್ತದೆ, ಮಾಸ್ಫೆಟ್ ಬಿಸಿಯಾಗುತ್ತದೆ. 3.3 ವೋಲ್ಟಿಗೇ ಚೆನ್ನಾಗಿ ತೆರೆಯುತ್ತದೆ ಅಂತ ಡೇಟಾಶೀಟಿನಲ್ಲಿ ಬರೆದದ್ದನ್ನೇ ನೋಡಿ ತನ್ನಿ.

ಈಗ ಒದೆತ. ಮೋಟರಿನ ಕರೆಂಟನ್ನು ಥಟ್ಟನೆ ಕತ್ತರಿಸಿದರೆ ಅದು ಥಟ್ಟನೆ ನಿಲ್ಲಲು ಒಪ್ಪುವುದಿಲ್ಲ. ಹಾದಿ ಸಿಗದೆ ವೋಲ್ಟೇಜ್ ಜಿಗಿದು ರಿಲೇಯ ಕಾಂಟ್ಯಾಕ್ಟಿನಲ್ಲಿ ಕಿಡಿ ಹಾರಿಸುತ್ತದೆ. ಕತ್ತಲಲ್ಲಿ ರಿಲೇ ಬಿಚ್ಚಿ ನೋಡಿದರೆ ಆ ನೀಲಿ ಚುಕ್ಕಿ ಕಣ್ಣಿಗೇ ಕಾಣುತ್ತದೆ. ಪಂಪಿನ ಎರಡು ವೈರಿನ ನಡುವೆ ಒಂದು 1ಎನ್4007 ಅಥವಾ 1ಎನ್5819 ಡಯೋಡ್ ಹಾಕಿ, ಬೆಳ್ಳಿ ಗೆರೆ ಇರುವ ತುದಿ ಪ್ಲಸ್ ಕಡೆಗೆ. ಉಲ್ಟಾ ಹಾಕಿದರೆ ಅದು ನೇರ ಶಾರ್ಟ್, ಎರಡು ಸಲ ನೋಡಿ ಬೆಸುಗೆ ಹಾಕಿ. ರಿಲೇ ಮಾಡ್ಯೂಲಿನಲ್ಲಿ ಡಯೋಡ್ ಇದೆಯಲ್ಲ ಅಂತೀರಾ? ಅದು ರಿಲೇಯ ಕಾಯಿಲಿಗೆ. ಪಂಪಿಗೆ ಅದರದ್ದೇ ಬೇಕು.

ಸುಮ್ನೆ ಒಂದು ಮಾತು. ಹಿಂದೊಮ್ಮೆ ಇಂಥದೇ ರೀಸೆಟ್‌ಗೆ ನಾನು ಎರಡು ಸಂಜೆ ಕೂತು ಕೋಡ್ ಪೂರ್ತಿ ತಿರುಗಿಸಿ ಬರೆದಿದ್ದೆ. ಆಮೇಲೆ ಮನೆಯವರು ತಮ್ಮ ಚಾರ್ಜರ್ ಕೇಬಲ್ ವಾಪಸ್ ಕೇಳಿದರು, ನಾನು ಬೇರೆ ಕೇಬಲ್ ಚುಚ್ಚಿದೆ, ರೀಸೆಟ್ ನಿಂತುಹೋಯಿತು. ಹಾಗಾಗಿ ಏನೂ ಖರೀದಿಸುವ ಮೊದಲು ಇವತ್ತೇ ಒಂದು ಗಿಡ್ಡ, ದಪ್ಪ ಕೇಬಲ್ ಹಾಕಿ ನೋಡಿ.

ಇನ್ನು ಸೆನ್ಸರ್. ಅದನ್ನು ಮಣ್ಣಿನಿಂದ ಎತ್ತಿ ತೊಳೆದು ನೋಡಿ. ಒಂದು ಕಾಲು ಹೊಳೆಯುತ್ತಿರುತ್ತದೆ, ಇನ್ನೊಂದರ ಮೇಲೆ ಹಸಿರು ಕಪ್ಪು ಕಲೆ, ಅಲ್ಲಲ್ಲಿ ಲೋಹದ ಗೆರೆಯೇ ಮಾಯ. ಒದ್ದೆ ಮಣ್ಣಿನಲ್ಲಿ ಎರಡು ಲೋಹಕ್ಕೆ ಸದಾ ಒಂದೇ ದಿಕ್ಕಿನ ಕರೆಂಟ್ ಕೊಟ್ಟರೆ ಪ್ಲಸ್ ಕಡೆಯ ತಾಮ್ರ ಕರಗುತ್ತಾ ಹೋಗುತ್ತದೆ. ಗೊಬ್ಬರದ ಉಪ್ಪು ಇದ್ದರೆ ಇನ್ನೂ ಬೇಗ. ಇಲ್ಲಿ ಹೆದರಬೇಕಾದ್ದು ಅದು ಕೆಡುವ ದಿಕ್ಕಿಗೆ. ಲೋಹ ತಿಂದು ಹೋದರೆ ರೆಸಿಸ್ಟೆನ್ಸ್ ಏರುತ್ತದೆ, ರೆಸಿಸ್ಟೆನ್ಸ್ ಏರಿದರೆ ಬೋರ್ಡಿಗೆ ಅದು ಒಣ ಮಣ್ಣಿನ ಹಾಗೆ ಕಾಣುತ್ತದೆ. ವೈರ್ ಕಿತ್ತು ಹೋದರೂ ಅಷ್ಟೇ. ಅಂದರೆ ಸೆನ್ಸರ್ ಸತ್ತ ದಿನ ನಿಮ್ಮ ಯಂತ್ರ ನೀರು ಸುರಿಯುತ್ತಲೇ ಇರುತ್ತದೆ. ಈಗ ಆಗುತ್ತಿರುವುದು ಬಹುಶಃ ಅದೇ.

ಇದೇ ಸೆನ್ಸರ್ ಉಳಿಸಿಕೊಳ್ಳುವುದಾದರೆ ಅದರ ಪ್ಲಸ್ ವೈರನ್ನು 3.3 ವೋಲ್ಟಿನಿಂದ ತೆಗೆದು ಒಂದು ಔಟ್‌ಪುಟ್ ಪಿನ್ನಿಗೆ ಕೊಡಿ. ಅದು ಎಳೆಯುವುದು ಕೆಲವೇ ಮಿಲಿಆಂಪ್, ಪಿನ್ ತಡೆಯುತ್ತದೆ. ಅರ್ಧ ಗಂಟೆಗೊಮ್ಮೆ ಪಿನ್ ಆನ್ ಮಾಡಿ, ಒಂದು ಕ್ಷಣ ಬಿಟ್ಟು ಹತ್ತು ಸಲ ಓದಿ, ನಡುವಿನ ಬೆಲೆ ಹಿಡಿದು, ಆಫ್ ಮಾಡಿ. ಇಷ್ಟಕ್ಕೆ 0.1 ಸೆಕೆಂಡ್ ಸಾಕು. ದಿನಕ್ಕೆ 48 ಸಲ ಅಂದರೆ ಮಣ್ಣಿನಲ್ಲಿ ಕರೆಂಟ್ ಹರಿಯುವುದು ಸುಮಾರು 5 ಸೆಕೆಂಡ್. ಈಗ 24 ಗಂಟೆ ಹರಿಯುತ್ತಿದೆ. ಒಂದು ವೇಳೆ ಸೆನ್ಸರಿಗೆ 5 ವೋಲ್ಟ್ ಕೊಟ್ಟಿದ್ದರೆ ಇವತ್ತೇ ತೆಗೆಯಿರಿ, ಇಎಸ್‌ಪಿ32 ಪಿನ್ನಿಗೆ 3.3ಕ್ಕಿಂತ ಹೆಚ್ಚು ಹೋಗಬಾರದು.

ಲೋಹ ಮಣ್ಣಿಗೆ ತಾಗದ ಕೆಪಾಸಿಟಿವ್ ಸೆನ್ಸರ್ ಇದಕ್ಕಿಂತ ಬಾಳಿಕೆ ಬರುತ್ತದೆ. ಹಾಗಂತ ಅದು ಅಮರ ಅಲ್ಲ. ಅದರ ಪಟ್ಟಿಯ ಕತ್ತರಿಸಿದ ಅಂಚಿನಿಂದ ನೀರು ಒಳಗೆ ಹೀರಿಕೊಳ್ಳುತ್ತದೆ, ಅಂಚಿಗೆ ವಾರ್ನಿಷ್ ಅಥವಾ ಉಗುರುಬಣ್ಣ ಎರಡು ಸಲ ಬಳಿಯಿರಿ. ಬಿಡಿಭಾಗಗಳಿರುವ ತಲೆ ಮಣ್ಣಿನ ಮೇಲೇ ಇರಲಿ. ಆ ಸೆನ್ಸರಿನ ಚಿಪ್ ಮೇಲೆ ಎನ್‌ಇ555 ಅಂತ ಇದ್ದರೆ ಅದು 3.3 ವೋಲ್ಟಿಗೆ ಹೇಳಿದ್ದಲ್ಲ, ಅದಕ್ಕೆ ಕನಿಷ್ಠ 4.5 ಬೇಕು. ಟಿಎಲ್‌ಸಿ555 ಇರುವುದನ್ನು ನೋಡಿ ತನ್ನಿ. ಒಣಗಿದಾಗ ಒಮ್ಮೆ, ನೀರಿನಲ್ಲಿ ಅದ್ದಿ ಒಮ್ಮೆ ಓದಿ, ಆ ಎರಡು ಅಂಕಿ ಬರೆದಿಟ್ಟುಕೊಳ್ಳಿ. ಬೇರೆಯವರ ಕೋಡಿನಲ್ಲಿರುವ ಅಂಕಿ ನಿಮ್ಮ ಮಣ್ಣಿಗೆ ಹೊಂದುವುದಿಲ್ಲ.

ಸೆನ್ಸರನ್ನು ಯಾವ ಪಿನ್ನಿಗೆ ಹಾಕಿದ್ದೀರಿ ಅಂತ ನೀವು ಬರೆದಿಲ್ಲ. 25, 26, 27 ಅಥವಾ 4, 12ರಿಂದ 15 ಆಗಿದ್ದರೆ ಅದೂ ಒಂದು ಕಾರಣ. ಅವು ಎಡಿಸಿ2 (ವೋಲ್ಟೇಜನ್ನು ಅಂಕಿ ಮಾಡುವ ಎರಡನೇ ಘಟಕ) ಗುಂಪು, ವೈಫೈ ಓಡುವಾಗ ಅಲ್ಲಿ ಅನಲಾಗ್ ಓದುವುದನ್ನು ನಂಬುವ ಹಾಗಿಲ್ಲ. 32, 33, 34, 35ರಲ್ಲಿ ಯಾವುದಾದರೂ ಒಂದಕ್ಕೆ ಬದಲಿಸಿ.

ಖಾಲಿಯಾದ ಬಕೆಟ್ ನನಗೆ ತುಂಬ ಇಷ್ಟವಾದ ಭಾಗ, ಕ್ಷಮಿಸಿ. ರಿಲೇ ಅಂಟಿಕೊಳ್ಳುವುದು ಉಂಟು, ಮೇಲೆ ಹೇಳಿದ ಕಿಡಿಯಿಂದಲೇ. ಆದರೆ ಪಂಪ್ ನಿಂತಿತ್ತು ಅಂತ ನೀವೇ ಬರೆದಿದ್ದೀರಿ. ಬಕೆಟ್ ಮೇಲೆ ಇದೆ, ಕುಂಡ ಕೆಳಗಿದೆ, ಅಲ್ವಾ? ಪೈಪ್ ಒಮ್ಮೆ ತುಂಬಿದ ಮೇಲೆ ಪಂಪ್ ಬೇಕಾಗಿಲ್ಲ, ನೀರು ತನ್ನ ಭಾರಕ್ಕೇ ಇಳಿಯುತ್ತದೆ. ದೊಡ್ಡ ಡ್ರಮ್ಮಿನಿಂದ ಪೈಪ್ ಹಾಕಿ ಬಾಯಲ್ಲಿ ಎಳೆದು ನೀರು ಇಳಿಸುತ್ತೇವಲ್ಲ, ಅದೇ. ಎಷ್ಟು ಒಳ್ಳೆಯ ಕೋಡ್ ಬರೆದರೂ ಇದು ನಿಲ್ಲುವುದಿಲ್ಲ. ಪೈಪಿನ ಹೊರತುದಿಯನ್ನು ಬಕೆಟ್ಟಿನ ನೀರಿನ ಮಟ್ಟಕ್ಕಿಂತ ಮೇಲೆ ಕಟ್ಟಿ. ಆಗದಿದ್ದರೆ ಬಕೆಟ್ಟಿನ ಮೇಲೆಯೇ ಪೈಪ್ ಬಾಗುವ ಎತ್ತರದ ಜಾಗದಲ್ಲಿ ಸೂಜಿಯಿಂದ ಸಣ್ಣ ತೂತು ಮಾಡಿ. ಪಂಪ್ ಓಡುವಾಗ ನಾಲ್ಕು ಹನಿ ಬಕೆಟ್ಟಿಗೇ ಬೀಳುತ್ತವೆ, ನಿಂತಾಗ ಗಾಳಿ ಒಳಗೆ ಹೋಗಿ ಹರಿವು ಕಡಿಯುತ್ತದೆ.

ಕೋಡಿನಲ್ಲಿ ಎರಡು ಬದಲಾವಣೆ ಕೇಳುತ್ತೇನೆ. ಪಂಪ್ ಒಂದು ಸಲಕ್ಕೆ ಗರಿಷ್ಠ ಎಷ್ಟು ಸೆಕೆಂಡ್, ದಿನಕ್ಕೆ ಎಷ್ಟು ಸಲ ಅನ್ನುವುದಕ್ಕೆ ಮಿತಿ ಇರಲಿ, ಸೆನ್ಸರ್ ಏನೇ ಹೇಳಲಿ. ಹಾಕಿದ ನೀರು ಮಣ್ಣಿನಲ್ಲಿ ಇಳಿದು ಸೆನ್ಸರ್ ಹತ್ತಿರ ಬರಲು ಹೊತ್ತು ಹಿಡಿಯುತ್ತದೆ, ಆದ್ದರಿಂದ ಸ್ವಲ್ಪ ಹಾಕಿ, ಹತ್ತು ಹದಿನೈದು ನಿಮಿಷ ಕಾದು, ಮತ್ತೆ ನೋಡಲಿ. ಇನ್ನೊಂದು, ಬೋರ್ಡ್ ಎದ್ದ ಮೊದಲ ಒಂದೆರಡು ನಿಮಿಷ ಪಂಪನ್ನು ಮುಟ್ಟಬಾರದು. ದಿನದ ಲೆಕ್ಕವನ್ನು ಫ್ಲ್ಯಾಶಿನಲ್ಲಿ ಬರೆದಿಡಿ, ಇಲ್ಲದಿದ್ದರೆ ಪ್ರತಿ ರೀಸೆಟ್ಟಿಗೂ ಅದು ಸೊನ್ನೆಯಿಂದ ಶುರು.

ಮನೆ ಕರೆಂಟಿನ ಪಂಪ್ ಬೇಡ. ರಿಲೇಯ ಮೇಲೆ 10 ಆಂಪಿಯರ್ 250 ವೋಲ್ಟ್ ಅಂತ ಅಚ್ಚು ಇರುತ್ತದೆ, ನಿಜ. ಆದರೆ ತೆರೆದ ಮಾಡ್ಯೂಲ್, ಬ್ರೆಡ್‌ಬೋರ್ಡ್, ಪಕ್ಕದಲ್ಲಿ ಬಕೆಟ್, ಒದ್ದೆ ಕೈ: ಇಲ್ಲಿ ತಪ್ಪಾದರೆ ಹೋಗುವುದು ಬೋರ್ಡ್ ಮಾತ್ರ ಅಲ್ಲ. ಜೊತೆಗೆ, ನಿಮ್ಮ ಮೂರು ತೊಂದರೆಗಳಲ್ಲಿ ಯಾವುದಕ್ಕೂ ಅದು ಉತ್ತರ ಅಲ್ಲ. ಜಾಸ್ತಿ ನೀರು ಬೇಕಿದ್ದರೆ 12 ವೋಲ್ಟಿನ ಡಿಸಿ ಪಂಪ್ ಮತ್ತು ಅದರದ್ದೇ ಅಡಾಪ್ಟರ್ ಸಾಕು. ಅದಕ್ಕೂ ಮೀರಿದ್ದು ಬೇಕಾದರೆ ವೈರಿಂಗ್ ಕೆಲಸ ಎಲೆಕ್ಟ್ರಿಷಿಯನ್ನಿಗೆ ಬಿಡಿ, ಆ ಲೈನಿಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇರಲಿ.

ತೆಗೆದಿಟ್ಟ ಆ ಎರಡು ಬೋರ್ಡುಗಳನ್ನು ಎಸೆದಿಲ್ಲ ತಾನೆ? ಒಂದೊಂದಕ್ಕೂ ಏನೂ ಜೋಡಿಸದೆ, ಹೊಸ ಕೇಬಲ್ ಚುಚ್ಚಿ, ಸುತ್ತಲಿನ ವೈಫೈ ಹುಡುಕುವ ಉದಾಹರಣೆ ಕೋಡ್ ಹಾಕಿ ಒಂದು ಗಂಟೆ ಬಿಡಿ. ಎರಡೂ ಓಡುತ್ತಲೇ ಇರುತ್ತವೆ ಅಂತ ನನ್ನ ಅಂದಾಜು. ಓಡದಿದ್ದರೆ ಸೀರಿಯಲ್ ಮಾನಿಟರಿನ ಮೊದಲ ಹತ್ತು ಸಾಲು, ರೀಸೆಟ್ ಅಂಕಿ, ವೈರಿಂಗಿನ ಒಂದು ಫೋಟೋ ಕಳಿಸಿ, ಮುಂದಿನದ್ದು ಅಲ್ಲಿಂದ ನೋಡೋಣ.